ವಿನ್ಯಾಸ ಸಮಸ್ಯೆಗಳ ಪರಿಹಾರ ಸಿದ್ಧಾಂತ

ಈಗಿರುವ ಸ್ಥಿತಿಯನ್ನು ಬೇಕಾದ ಸ್ಥಿತಿಗೆ ತರುವ ಯೋಜನೆಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ವಿನ್ಯಾಸ ಸಮಸ್ಯೆಗಳ ಪರಿಹಾರ ಸಿದ್ಧಾಂತ ವಿವೇಚಿಸುತ್ತದೆ. ವ್ಯವಸ್ಥಾ ವಿಜ್ಞಾನ, ನಿರ್ವಹಣಾ ಶಾಸ್ತ್ರ ಎರಡಕ್ಕೂ ಇದು ಸೇರಿದ್ದು. ಹರ್ಬರ್ಟ್ ಸೈಮನ್ ಅವರ ‘ದಿ ಸೈನ್ಸಸ್ ಆಫ್ ದಿ ಆರ್ಟಿಫಿಶಿಯಲ್’ (1969) ಇದರ ಮೂಲಗ್ರಂಥಗಳಲ್ಲೊಂದು. ಮಾಹಿತಿ, ಸಮಯ, ಲೆಕ್ಕಹಾಕುವ ಶಕ್ತಿ ಮೂರೂ ಮಿತವಾಗಿರುವುದರಿಂದ ಮನುಷ್ಯ ಎಲ್ಲಕ್ಕಿಂತ ಉತ್ತಮವಾದುದನ್ನು ಹುಡುಕುತ್ತ ಕೂರದೆ, ಸಾಕೆನಿಸಿದ್ದನ್ನು ಆರಿಸಿಕೊಳ್ಳುತ್ತಾನೆ ಎಂದರು ಸೈಮನ್. ಹಾರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬರ್ 1973ರಲ್ಲಿ ಇನ್ನಷ್ಟು ಕಠಿಣವಾದ ಮಾತು ಹೇಳಿದರು: ನಗರ ಯೋಜನೆಯಂಥ ಸಮಸ್ಯೆಗಳನ್ನು ನಿರೂಪಿಸುವ ರೀತಿಯಲ್ಲೇ ಪರಿಹಾರ ಅರ್ಧ ನಿರ್ಧಾರವಾಗಿರುತ್ತದೆ, ಅವಕ್ಕೆ ‘ಮುಗಿಯಿತು’ ಎನ್ನುವ ಘಟ್ಟವಿಲ್ಲ, ಒಮ್ಮೆ ಕಟ್ಟಿದ್ದನ್ನು ಕಟ್ಟಿಯೇ ಇಲ್ಲವೆಂಬಂತೆ ಅಳಿಸಲಾಗದು.

ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ ವ್ಯವಸ್ಥೆ) ಇಂಥ ಸಮಸ್ಯೆಗೆ ತಕ್ಕ ನಿದರ್ಶನ. 1962ರಿಂದ ಒಂದೇ ಮಹಾನಗರ ಪಾಲಿಕೆಯಡಿ ಇರುವ ಈ ಜೋಡಿ ನಗರಗಳ ನಡುವೆ, ನವನಗರವನ್ನು ಹಾಯ್ದು, ನಿತ್ಯ ಅಪಾರ ಜನ ಓಡಾಡುತ್ತಾರೆ. ವಾಹನ ದಟ್ಟಣೆಯೇ ಸಮಸ್ಯೆ ಎಂದುಕೊಂಡಿದ್ದರೆ ರಸ್ತೆ ಅಗಲಿಸಿದರೆ ಸಾಕಿತ್ತು. ಜನರ ಸಂಚಾರವೇ ಸಮಸ್ಯೆ ಎಂದು ನೋಡಿದ್ದರಿಂದ ಬಸ್ಸಿಗೆ ಪ್ರತ್ಯೇಕ ಪಥ ಬಂತು. ಸುಮಾರು 22 ಕಿ.ಮೀ. ಉದ್ದದ ಈ ಮಾರ್ಗದಲ್ಲಿ ‘ಚಿಗರಿ’ ಎಂಬ ಹೆಸರಿನ ಬಸ್ಸುಗಳ ಪ್ರಾಯೋಗಿಕ ಸಂಚಾರ 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. ವಿಧ್ಯುಕ್ತ ಉದ್ಘಾಟನೆ ನಡೆದದ್ದು 2020ರ ಫೆಬ್ರವರಿ 2ರಂದು.

ಪಥ ಎಲ್ಲಿರಬೇಕು ಎಂಬ ಒಂದು ನಿರ್ಧಾರ ಉಳಿದವುಗಳನ್ನೆಲ್ಲ ಎಳೆದು ತಂದಿತು. ರಸ್ತೆಯ ಅಂಚಿನಲ್ಲಿ ನಿಲ್ಲುವ ವಾಹನಗಳು, ಆಟೋಗಳು, ಅಡ್ಡರಸ್ತೆಯ ತಿರುವುಗಳು ಬಸ್ಸಿಗೆ ತಡೆ. ಆದ್ದರಿಂದ ಪಥ ನಡುರಸ್ತೆಗೆ ಬಂತು. ನಿಲ್ದಾಣವೂ ನಡುವೆಯೇ ಆಗಬೇಕಾಯಿತು. ಅಲ್ಲಿ ಇಳಿಯಲು ಬಸ್ಸಿಗೆ ಬಲಬದಿಯಲ್ಲಿ ಬಾಗಿಲು ಬೇಕು, ಬಾಗಿಲಿನ ಎತ್ತರಕ್ಕೆ ಸರಿಯಾಗಿ ಕಟ್ಟೆ ಬೇಕು. ಟಿಕೆಟ್ಟನ್ನು ನಿಲ್ದಾಣದಲ್ಲೇ ಕೊಟ್ಟು ಗೇಟಿನಲ್ಲಿ ತಪಾಸಣೆ ಮಾಡುವುದರಿಂದ ಹತ್ತಿ ಇಳಿಯುವ ಹೊತ್ತು ಉಳಿಯುತ್ತದೆ. ಆದರೆ ನವನಗರದ ವೃದ್ಧರೊಬ್ಬರು ಬಸ್ಸು ಹಿಡಿಯಬೇಕಾದರೆ ಮೊದಲು ಅರ್ಧ ರಸ್ತೆ ದಾಟಲೇಬೇಕು. ಬಸ್ಸಿನ ವೇಗ ಹೆಚ್ಚಿಸಿದ ವಿನ್ಯಾಸವೇ ಪಾದಚಾರಿಯ ಕಷ್ಟವನ್ನೂ ಹೆಚ್ಚಿಸಿತು. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ.

ಈ ಬಗೆಯ ಅಡ್ಡಪರಿಣಾಮಗಳು ನೀಲನಕ್ಷೆಯಲ್ಲಿ ಪೂರ್ತಿ ಕಾಣುವುದಿಲ್ಲ. ಧಾರವಾಡದ ಟೋಲ್ ನಾಕಾ ಬಳಿ ಮಳೆನೀರು ನಿಲ್ಲುವುದು ಮಾರ್ಗ ಬಂದ ಮೇಲೆ ದೊಡ್ಡ ದೂರಾಯಿತು. ಪೀಟರ್ ಚೆಕ್‌ಲ್ಯಾಂಡ್ ರೂಪಿಸಿದ ಮೃದು ವ್ಯವಸ್ಥಾ ವಿಧಾನ ಇಂಥ ಕಡೆಗೇ ಉಪಯುಕ್ತ: ಪ್ರಯಾಣಿಕರು, ಚಾಲಕರು, ಅಂಗಡಿಕಾರರು, ಅಧಿಕಾರಿಗಳು ಒಂದೇ ರಸ್ತೆಯನ್ನು ಬೇರೆಬೇರೆಯಾಗಿ ಕಾಣುವುದನ್ನು ಅದು ಚರ್ಚೆಯ ಆರಂಭಕ್ಕೇ ತರುತ್ತದೆ. ‘ಮುಗಿಯಿತು’ ಎನ್ನುವ ಘಟ್ಟ ಇಲ್ಲೂ ಬಂದಿಲ್ಲ: ಮೀಸಲು ಪಥವನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆಂಬ ಬೇಡಿಕೆ ಮತ್ತು ಇದೇ ಮಾರ್ಗಕ್ಕೆ ವಿದ್ಯುತ್ ಚಾಲಿತ ಕ್ಷಿಪ್ರ ಸಾರಿಗೆಯ ಪ್ರಸ್ತಾಪ ಎರಡೂ ಆನಂತರ ಎದ್ದಿವೆ.