ಒನಕೆ ಬಿಟ್ಟವರ ತೂಕ

ಶಿಕಾರಿಪುರ ತಾಲ್ಲೂಕಿನ ಉಡುತಡಿ ಎಂದೊಡನೆ ಅಕ್ಕಮಹಾದೇವಿ ನೆನಪಾಗುತ್ತಾಳೆ. ಹೆಣ್ಣಿನ ಮೈಯ ಮೇಲೆ ಅರಸನಿಗೂ ಹಕ್ಕಿಲ್ಲವೆಂದು 12ನೇ ಶತಮಾನದಲ್ಲೇ ಬದುಕಿ ತೋರಿಸಿದವಳು. ಇಂದಿಗೂ ಹೆಣ್ಣಿನ ಮೈ ಊರಿನ ಮಾತಿನಿಂದ ಬಿಡುಗಡೆ ಪಡೆದಿಲ್ಲ; ಈಗಿನ ಮಾತು ತೂಕದ್ದು. ‘ಒನಕೆ ಬಿಟ್ಟರು, ದಪ್ಪಗಾದರು’ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಇದರಲ್ಲಿ ಅರ್ಧ ಮಾತ್ರ ನಿಜ.

ಅಕ್ಕನ ಕಾಲದಲ್ಲೇ ಕೊಟ್ಟಣದ ಸೋಮವ್ವ ಎಂಬ ವಚನಕಾರ್ತಿಯಿದ್ದಳು. ಕೊಟ್ಟಣವೆಂದರೆ ಭತ್ತ ಕುಟ್ಟುವ ಕಾಯಕ. ಶಿಕಾರಿಪುರ, ಸೊರಬದಂಥ ಭತ್ತದ ಸೀಮೆಯಲ್ಲಿ ಶತಮಾನಗಳ ಕಾಲ ಹೆಂಗಸರ ತೋಳುಗಳೇ ಗಿರಣಿಯಾಗಿದ್ದವು. ಒನಕೆಯ ಏಟಿಗೆ ಹೊಟ್ಟು ಬಿಡುತ್ತಿತ್ತು. ತೌಡಿನ ಒಂದಷ್ಟು ಪದರ ಅಕ್ಕಿಗೇ ಅಂಟಿಕೊಂಡಿರುತ್ತಿತ್ತು. ನಾರಿನಂಶ ಹೆಚ್ಚಾಗಿ ಇರುವುದು ಆ ಪದರದಲ್ಲೇ.

ಆದರೆ ಬಿಳಿ ಅಕ್ಕಿಗೆ ಸಿಕ್ಕ ಮರ್ಯಾದೆ ಉಳಿದ ಧಾನ್ಯಗಳಿಗೆ ಸಿಗಲಿಲ್ಲ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗಿ, ಸೆರೆಯಲ್ಲಿ ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲೂ ಗೆಲುವು ರಾಗಿಯದೇ: 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ತೌಡು ಉಳಿದ ಅಕ್ಕಿಯಲ್ಲಿ 4.4, ಪಾಲಿಶ್ ಅಕ್ಕಿಯಲ್ಲಿ 2.8.

ಗಿರಣಿ ಬಂತು. 1934ರಲ್ಲಿ ಗ್ರಾಮೋದ್ಯೋಗ ಸಂಘ ಕಟ್ಟಿದ ಗಾಂಧೀಜಿ ಪಾಲಿಶ್ ಅಕ್ಕಿಯ ವಿರುದ್ಧ ಬರೆದರು. 1958ರಲ್ಲಿ ಅಕ್ಕಿ ಗಿರಣಿಗಳನ್ನು ನಿಯಂತ್ರಿಸುವ ಕಾಯ್ದೆಯೂ ಬಂತು. ಗಿರಣಿ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಬೆಳಗಿನ ಜಾವದ ಆ ದುಡಿಮೆ ಹಾಡಿನಲ್ಲಿ ಚೆಂದ, ಬೆನ್ನಿಗಲ್ಲ. ಆದರೆ ಗಿರಣಿ ಬೆನ್ನಿನ ಭಾರದ ಜೊತೆಗೆ ತಟ್ಟೆಯ ತೌಡನ್ನೂ ಒಯ್ದಿತು. ಊರು ಲೆಕ್ಕ ಹಿಡಿದದ್ದು ಮೊದಲನೆಯದನ್ನು ಮಾತ್ರ.

ಎರಡನೆಯದರ ಲೆಕ್ಕ ದೂರದಲ್ಲಿ ನಡೆಯಿತು. ಅಮೆರಿಕದ 74,091 ದಾದಿಯರನ್ನು 12 ವರ್ಷ ಗಮನಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾರಿನ ಸೇವನೆಯನ್ನು ಅತಿ ಹೆಚ್ಚು ಏರಿಸಿಕೊಂಡ ಗುಂಪಿನ ತೂಕ, ಅತಿ ಕಡಿಮೆ ಏರಿಸಿಕೊಂಡವರಿಗಿಂತ ಸರಾಸರಿ ಒಂದೂವರೆ ಕಿಲೋ ಕಡಿಮೆ ಹೆಚ್ಚಿತ್ತು. ಕಾರಣ ಸರಳ. ನಾರು ಇದ್ದರೆ ಹೆಚ್ಚು ಅಗಿಯಬೇಕು. ಕೆಲವು ಬಗೆಯ ನಾರು ಹೊಟ್ಟೆಯಲ್ಲಿ ನೀರು ಹೀರಿ ಉಬ್ಬುತ್ತದೆ. ಹೊಟ್ಟೆ ತುಂಬಿದ ಭಾವ ಬೇಗ ಬರುತ್ತದೆ, ಹಸಿವು ತಡವಾಗಿ ಮರಳುತ್ತದೆ.

ಹಾಗೆಂದು ಹಿಂದಿನವರ ತೆಳ್ಳನೆಯ ಮೈಯೆಲ್ಲ ನಾರಿನ ಪುಣ್ಯವಲ್ಲ. ಎಲ್ಲರಿಗೂ ಬಡಿಸಿ, ಉಳಿದುದನ್ನು ಉಂಡವರ ಹಸಿವೂ ಅದರಲ್ಲಿತ್ತು. ಇಂದಿನ ತೂಕಕ್ಕೂ ತೌಡೊಂದೇ ಕಾರಣವಲ್ಲ. ಎಣ್ಣೆ, ಸಕ್ಕರೆ, ಮೈದಾಗಳ ಪಾಲೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕದ ಮಹಿಳೆಯರು 2015–16ರಲ್ಲಿ ಶೇ. 23ರಷ್ಟಿದ್ದರು, ಮುಂದಿನ ಸುತ್ತಿನಲ್ಲಿ ಶೇ. 30 ಆದರು. ಅದೇ ಅವಧಿಯಲ್ಲಿ ಗಂಡಸರು ಶೇ. 22ರಿಂದ ಸುಮಾರು 31ಕ್ಕೆ ಏರಿದರು. ಅವರು ಯಾವ ಒನಕೆ ಬಿಟ್ಟಿದ್ದರು?

ಒನಕೆ ಮರಳಿ ಬರಬೇಕಿಲ್ಲ. ಹೊಟ್ಟು ಬಿಡಿಸಿ ಅಲ್ಲಿಗೇ ನಿಲ್ಲಿಸಲು ಗಿರಣಿಗೂ ಸಾಧ್ಯ. ಊಟಕ್ಕೆ ರಾಗಿಮುದ್ದೆ, ಕಾಳಿನ ಸಾರು, ಸೊಪ್ಪು ಸೇರಿದರೆ ನಾರು ತಾನಾಗಿ ಬರುತ್ತದೆ. ತೌಡು ತಟ್ಟೆಗೆ ಮರಳಲಿ; ದುಡಿಮೆಯನ್ನು ಮಾತ್ರ ಮತ್ತೆ ಹೆಂಗಸರ ತೋಳಿಗೆ ಹೊರಿಸುವುದು ಬೇಡ.