ಚುಕ್ಕೆಗಳ ನಡುವಿನ ಗೆರೆ

1786ರಲ್ಲಿ ಸ್ಕಾಟ್‌ಲೆಂಡಿನ ವಿಲಿಯಂ ಪ್ಲೇಫೇರ್ ಇಂಗ್ಲೆಂಡಿನ ಆಮದು-ರಫ್ತಿನ ಲೆಕ್ಕವನ್ನೆಲ್ಲ ಗೆರೆಗಳಲ್ಲಿ ಬಿಡಿಸಿ ಪುಸ್ತಕ ಮಾಡಿದ. ಅಡ್ಡಕ್ಕೆ ವರ್ಷ, ಉದ್ದಕ್ಕೆ ಹಣ. ತನ್ನದೇ ನಾಡಿನ ವ್ಯಾಪಾರದ ಸರದಿ ಬಂದಾಗ ಮಾತ್ರ ಕೈಯಲ್ಲಿದ್ದದ್ದು ಒಂದೇ ವರ್ಷದ ಅಂಕಿ. ಹಾಗಾಗಿ ಗೆರೆ ಬಿಟ್ಟು, ಪ್ರತಿ ದೇಶಕ್ಕೂ ಆಮದಿನದೊಂದು, ರಫ್ತಿನದೊಂದು ಪಟ್ಟಿ ಎಳೆದ. ಅವನು ಮಾಡಿದ್ದು ಸರಿ. ಎರಡು ವರ್ಷಗಳ ನಡುವೆ ತಿಂಗಳುಗಳಿವೆ, ರಷ್ಯಾಕ್ಕೂ ಪೋರ್ಚುಗಲ್ಲಿಗೂ ನಡುವೆ ಗೆರೆ ಹಾದುಹೋಗಲು ಏನಿದೆ? ಸ್ತಂಭನಕ್ಷೆ ಎಲ್ಲಿ, ರೇಖಾನಕ್ಷೆ ಎಲ್ಲಿ ಎಂದು ಇವತ್ತಿಗೂ ತಡಕಾಡುವ ತರಗತಿಗಳಿಗೆ ಇಷ್ಟು ಸಾಕು.

ಆಗಿನ ವಿಜ್ಞಾನದಲ್ಲಿ ನಕ್ಷೆಯ ದಾರಿ ಹಿಡಿದವರು ಕೆಲವರೇ. ಯೋಹಾನ್ ಹೈನ್ರಿಕ್ ಲ್ಯಾಂಬರ್ಟ್ ಪ್ಲೇಫೇರನಿಗಿಂತ ಮೊದಲೇ, ನೆಲದೊಳಗಿನ ತಾಪ ಆಳಕ್ಕೆ ತಕ್ಕಂತೆ ವರ್ಷವಿಡೀ ಹೇಗೆ ಏರಿಳಿಯುತ್ತದೆಂದು ವಕ್ರರೇಖೆಗಳಲ್ಲಿ ತೋರಿಸಿದ್ದ. ಅಳತೆಯಲ್ಲಿ ತಪ್ಪು ಇದ್ದೇ ಇರುತ್ತದೆ, ಆದ್ದರಿಂದ ಗೆರೆ ಪ್ರತಿ ಚುಕ್ಕೆಯನ್ನೂ ಮುಟ್ಟಬೇಕಿಲ್ಲ ಎಂಬುದು ಅವನಿಗೆ ಗೊತ್ತಿತ್ತು. 1830ರ ದಶಕದಲ್ಲಿ ಜಾನ್ ಹರ್ಷೆಲ್ ಜೋಡಿ ನಕ್ಷತ್ರಗಳ ಕಕ್ಷೆ ಹುಡುಕುವಾಗ ಇನ್ನೂ ಮುಂದೆ ಹೋದ: ಬಿಡಿ ವೀಕ್ಷಣೆಗಳಿಗಿಂತ, ಅವುಗಳ ನಡುವೆ ಕೈಯಲ್ಲೇ ಎಳೆದ ನುಣುಪು ಗೆರೆಯನ್ನು ಹೆಚ್ಚು ನಂಬಿದ. ಚುಕ್ಕೆಯಿಂದ ಚುಕ್ಕೆಗೆ ಸ್ಕೇಲಿಟ್ಟು ಅಂಕುಡೊಂಕಾಗಿ ಜೋಡಿಸುವ ನಮ್ಮ ಮಕ್ಕಳು ತಿಳಿಯದೆಯೇ ಹೇಳುತ್ತಿರುವುದು, ತಮ್ಮ ಅಳತೆಯಲ್ಲಿ ಲೋಪವೇ ಇಲ್ಲವೆಂದು!

ಚೌಕುಳಿ ಹಾಳೆ ಶಾಲೆಗೆ ಬಂದದ್ದು ತಡವಾಗಿ. 1901ರಲ್ಲಿ ಗ್ಲಾಸ್ಗೋದಲ್ಲಿ ಎಂಜಿನಿಯರ್ ಜಾನ್ ಪೆರಿ, ಗಣಿತ ಬೋಧನೆ ಪ್ರಯೋಗ ಮತ್ತು ಅಳತೆಗಳಿಗೆ ಹತ್ತಿರವಾಗಬೇಕೆಂದು ವಾದಿಸಿದ. ಅವನ ಮುಖ್ಯ ಸಲಕರಣೆ ಈ ಹಾಳೆಯೇ. ಮಂಜುಗಡ್ಡೆಯ ಬೀಕರಿಗೆ ಉರಿಕೊಟ್ಟು, ಕಲಕುತ್ತಾ, ನಿಮಿಷಕ್ಕೊಮ್ಮೆ ಥರ್ಮಾಮೀಟರ್ ನೋಡುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಕಾಲ ನಾವು ಗೊತ್ತುಮಾಡುವುದು, ಅದು ಅಡ್ಡ ಅಕ್ಷಕ್ಕೆ. ತಾಪ ಅದಕ್ಕೆ ತಕ್ಕಂತೆ ಬದಲಾಗುವುದು, ಅದು ಲಂಬ ಅಕ್ಷಕ್ಕೆ. ಪ್ರಮಾಣ ಎರಡು, ಐದು, ಹತ್ತರ ಲೆಕ್ಕದಲ್ಲಿರಲಿ. ಹತ್ತು ಮನೆಗೆ ಏಳು ಡಿಗ್ರಿ ಹಿಡಿದವರ ಪಾಡು ಆಮೇಲೆ ಅವರಿಗೇ ಗೊತ್ತಾಗುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಗೆರೆ ಮಲಗಿಬಿಡುತ್ತದೆ. ಪ್ರಯೋಗ ಕೆಟ್ಟಿತೆಂದು ಅಳಿಸಲು ಹೊರಡುವವರುಂಟು. ಉರಿ ನಿಂತಿಲ್ಲ, ಉಷ್ಣವೆಲ್ಲ ಮಂಜನ್ನು ಕರಗಿಸುವುದಕ್ಕೇ ಸಂದಾಯವಾಗುತ್ತಿದೆ, ಗುಪ್ತೋಷ್ಣವೆಂದರೆ ಅದೇ. ಇಲ್ಲಿ ಹರ್ಷೆಲನ ನುಣುಪು ಗೆರೆ ನಡೆಯದು. ಮೂಲೆ ಮೂಲೆಯಾಗಿಯೇ ಉಳಿಯಬೇಕು.

ಬರೆದ ನಕ್ಷೆಯನ್ನು ಓದುವುದು ಇನ್ನೂ ಕಷ್ಟ. 1987ರಲ್ಲಿ ಭೌತವಿಜ್ಞಾನ ಬೋಧನೆಯ ಸಂಶೋಧಕಿ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಸಂಗಡಿಗರು ಅಮೆರಿಕದ ವಿದ್ಯಾರ್ಥಿಗಳಲ್ಲಿ ಕಂಡದ್ದನ್ನು ನಮ್ಮ ಹೈಸ್ಕೂಲುಗಳಲ್ಲೂ ಕಾಣಬಹುದು: ಗೆರೆಯ ಎತ್ತರವನ್ನೂ ಇಳಿಜಾರನ್ನೂ ಕಲಸಿಕೊಳ್ಳುವುದು, ದೂರ–ಕಾಲ ನಕ್ಷೆಯ ಏರುಗೆರೆಯನ್ನು ಗುಡ್ಡದ ದಾರಿಯೆಂದೇ ಎಣಿಸುವುದು. ಅದೇ ದಶಕದಲ್ಲಿ ಬಂದ ಕಂಪ್ಯೂಟರ್ ಸೆನ್ಸರುಗಳ ಮುಂದೆ ಮಗು ನಡೆದರೆ ನಕ್ಷೆ ಆಗಲೇ ಪರದೆಯ ಮೇಲೆ ಮೂಡುತ್ತದೆ. ನಿಂತರೆ ಗೆರೆ ಮಲಗುತ್ತದೆ, ಓಡಿದರೆ ಕಡಿದಾಗುತ್ತದೆ. ಗುಡ್ಡದ ಭ್ರಮೆ ಬಿಡಿಸಲು ಇದಕ್ಕಿಂತ ಚುರುಕಾದ ಉಪಾಯ ನನಗೆ ಕಾಣದು. ಆದರೆ ಪ್ರಮಾಣವನ್ನು ಅಲ್ಲಿ ಯಂತ್ರವೇ ಆರಿಸಿರುತ್ತದೆ. ಹಾಗಾಗಿ ಮೊದಲ ಕೆಲವು ನಕ್ಷೆಗಳಾದರೂ ಪೆನ್ಸಿಲ್‌ನಿಂದಲೇ ಆಗಲಿ ಎನ್ನುವ ಮೇಷ್ಟ್ರುಗಳ ಪಕ್ಷ ನನ್ನದು.