ಹಾಲಿ ಸಿಕ್ಕಾ: ತೂಕಕ್ಕೊಂದು ಬೆಲೆ, ಚಹರೆಗೊಂದು ಬೆಲೆ



ನೀವು ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಬಂದು ಮೆಹದಿಪಟ್ಟಣಂನಲ್ಲಿ ಮನೆ ಮಾಡಿದವರೇ? ಹಾಗಿದ್ದರೆ ನಿಮ್ಮ ಅಜ್ಜಿಯ ಟ್ರಂಕಿನ ತಳದಲ್ಲಿ ಒಂದು ಬಟ್ಟೆಯ ಗಂಟು ಇದ್ದೀತು. ಬಿಚ್ಚಿದರೆ ಕಪ್ಪಿಟ್ಟ ನಾಲ್ಕಾರು ಬೆಳ್ಳಿ ರೂಪಾಯಿ. ಒಂದು ಬದಿಗೆ ಚಾರ್‌ಮಿನಾರ್, ಇನ್ನೊಂದು ಬದಿಗೆ ಪಾರ್ಸಿ ಬರಹ. ಅದೇ ನಿಜಾಮರ 'ಹಾಲಿ ಸಿಕ್ಕಾ'. ಅದನ್ನು ಬೆಳ್ಳಿ ಅಂಗಡಿಯ ತಕ್ಕಡಿಗೆ ಹಾಕುವ ಮೊದಲು ಐದು ನಿಮಿಷ ಇದನ್ನು ಓದಿ.

'ಹಾಲಿ' ಎಂದರೆ ಸದ್ಯ ನಡೆಯುತ್ತಿರುವುದು. 'ಹಾಲಿ ಅಧ್ಯಕ್ಷರು' ಎನ್ನುತ್ತೇವಲ್ಲ, ಅದೇ ಹಾಲಿ. ಈ ಹೆಸರಿನ ಹಿಂದೆ ಒಂದು ಇತಿಹಾಸವಿದೆ. ಹಿಂದೆ ಈ ರಾಜ್ಯದಲ್ಲಿ ನಾರಾಯಣಪೇಟೆ, ಗದ್ವಾಲ, ಕಲ್ಯಾಣಿ (ಇಂದಿನ ಬಸವಕಲ್ಯಾಣ) ಹೀಗೆ ಹಲವೆಡೆ ಟಂಕಸಾಲೆಗಳಿದ್ದವು. ಊರಿಗೊಂದು ನಾಣ್ಯವಾದರೆ ಬೆಳ್ಳಿಯ ಬೆರಕೆಯೂ ಬೇರೆ ಬೇರೆ. ಸಂತೆಗೆ ಹೋದ ರೈತ ಸರಾಫನ ಮಾತನ್ನೇ ನಂಬಬೇಕಿತ್ತು. 1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗ್ ಈ ಖಾಸಗಿ ಟಂಕಸಾಲೆಗಳನ್ನು ನಿಲ್ಲಿಸಿ, ಸರ್ಕಾರದ ಒಂದೇ ನಾಣ್ಯ ನಡೆಯುವಂತೆ ಮಾಡಿದರು. 1903ರಲ್ಲಿ ಸೈಫಾಬಾದಿನಲ್ಲಿ ಯಂತ್ರದ ಟಂಕಸಾಲೆ ಬಂತು. ಚಾರ್‌ಮಿನಾರ್ ರೂಪಾಯಿ ಅದರ ಕೂಸು.

ಈಗ ಲೆಕ್ಕಕ್ಕೆ ಬರೋಣ. ಹಾಲಿ ಸಿಕ್ಕಾ ರೂಪಾಯಿಯ ತೂಕ 11.18 ಗ್ರಾಂ. ಅದರಲ್ಲಿ ನೂರಕ್ಕೆ 81.8 ಪಾಲು ಬೆಳ್ಳಿ, ಅಂದರೆ ಸುಮಾರು 9.14 ಗ್ರಾಂ. ಬ್ರಿಟಿಷರ ರೂಪಾಯಿ, ನಮ್ಮ ಹಿರಿಯರ ಬಾಯಲ್ಲಿ 'ಕಲ್ದಾರ್', ಸರಿಯಾಗಿ ಒಂದು ತೊಲ, 11.66 ಗ್ರಾಂ. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ, 10.69 ಗ್ರಾಂ. ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂಬುದು ಸರ್ಕಾರದ ದರವಾಗಿತ್ತು, ಅಂದರೆ ಆರಕ್ಕೆ ಏಳು. ಎರಡರ ಬೆಳ್ಳಿಯನ್ನು ಹೋಲಿಸಿ ನೋಡಿದರೂ ಹೆಚ್ಚುಕಡಿಮೆ ಅದೇ ಲೆಕ್ಕ! ರಾಯಚೂರಿನಿಂದ ತುಂಗಭದ್ರೆ ದಾಟಿ ಬಳ್ಳಾರಿಗೆ ಹೊರಟವರು, ಕಲಬುರಗಿಯಿಂದ ಸೊಲ್ಲಾಪುರಕ್ಕೆ ಹೊರಟವರು ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳಬೇಕಾಗಿತ್ತು.

ಮುಂದಿನ ತಮಾಷೆ ನೋಡಿ. ಯುದ್ಧದ ಕಾಲಕ್ಕೆ, 1940ರಲ್ಲಿ, ಬ್ರಿಟಿಷ್ ಸರ್ಕಾರ ತನ್ನ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ನಿಜಾಮರ ರೂಪಾಯಿ ಮಾತ್ರ ಹಳೆಯ ಬೆರಕೆಯಲ್ಲೇ ಬರುತ್ತಿತ್ತು. ಹಾಗಾಗಿ 1942ರ ಕಲ್ದಾರಿನಲ್ಲಿ 5.83 ಗ್ರಾಂ ಬೆಳ್ಳಿಯಾದರೆ, ಅದೇ ಕಾಲದ ಹಾಲಿಯಲ್ಲಿ 9 ಗ್ರಾಂ ಮೀರಿದ ಬೆಳ್ಳಿ. ಅಂದು ಪೇಟೆಯಲ್ಲಿ ಹಿರಿಯಣ್ಣನಾಗಿದ್ದ ಕಲ್ದಾರ್ ಇಂದು ತಕ್ಕಡಿಯಲ್ಲಿ ತಮ್ಮನಾಗಿದ್ದಾನೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಹಾಕಿ 'ಎಲ್ಲಾ ಹಳೇ ಬೆಳ್ಳಿ' ಎಂದು ಒಂದೇ ದರ ಕಟ್ಟಿದರೆ ಒಪ್ಪಬೇಡಿ. ಇಸವಿ ನೋಡಿ ಬೇರ್ಪಡಿಸಿ. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಅದು ನಿಕಲ್.

ಹಾಲಿ ಸಿಕ್ಕಾದ ಮುಖಬೆಲೆ 1959ರಲ್ಲಿ ಅದರ ಚಲಾವಣೆ ರದ್ದಾದಾಗಲೇ ಮುಗಿಯಿತು. ಬೆಳ್ಳಿಯ ಬೆಲೆ ಉಳಿದಿದೆ. ಅದರ ಮೇಲೆ ಚಹರೆಯ ಬೆಲೆ ಒಂದಿದೆ. ಚಾರ್‌ಮಿನಾರಿನ ಬಾಗಿಲ ಕಮಾನಿನೊಳಗೆ ಕಣ್ಣಿಟ್ಟು ನೋಡಿ. ಅಲ್ಲಿ 'ಮೀಮ್' ಅಕ್ಷರವಿದ್ದರೆ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ನಾಣ್ಯ. 'ಐನ್' ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದು. ಆ ಪುಟ್ಟ ಅಕ್ಷರ, ಹಿಜರಿ ಇಸವಿ, ಮಿನಾರುಗಳ ಗೆರೆಗಳು ಎಲ್ಲವೂ ನಿಚ್ಚಳವಾಗಿದ್ದರೆ ಸಂಗ್ರಾಹಕ ಬೆಳ್ಳಿಯ ಬೆಲೆಗಿಂತ ಮೇಲೆ ಕೊಡುತ್ತಾನೆ. ಸವೆದು ನುಣ್ಣಗಾದರೆ ಬೆಳ್ಳಿ ಕಳೆಯುವುದು ಒಂದಿಷ್ಟೇ, ಆದರೆ ಚಹರೆಯ ಬೆಲೆ ಪೂರ್ತಿ ಹೋಗುತ್ತದೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದದ್ದು, ತೂತು ಕೊರೆದದ್ದು ಕೂಡ ಹೀಗೆಯೇ.

ನಮ್ಮ ಮನೆಗಳಲ್ಲಿ ನಾವೇ ಮಾಡುವ ತಪ್ಪು ಇನ್ನೊಂದು. ಹಬ್ಬದ ದಿನ ಲಕ್ಷ್ಮೀಪೂಜೆಗೆಂದು ಆ ನಾಣ್ಯಗಳನ್ನು ಹುಣಸೆಹಣ್ಣು, ಹಲ್ಲುಪುಡಿ ಹಾಕಿ ಫಳಫಳ ತಿಕ್ಕುತ್ತೇವೆ. ಆ ಕಪ್ಪು ಕೊಳೆಯಲ್ಲ. ಬೆಳ್ಳಿ ಗಾಳಿಗೆ ಪಡೆದ ಬಣ್ಣ, ಹಳೆತನದ ಸಾಕ್ಷಿ. ತಿಕ್ಕಿದರೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ, ತಿಳಿದವರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಪೂಜೆಗೆ ಒಂದನ್ನು ಬೇರೆ ಇಡಿ, ಉಳಿದವನ್ನು ಅಂಚು ಹಿಡಿದು ಎತ್ತಿ ಒಣ ಕಾಗದದಲ್ಲಿ ಸುತ್ತಿಡಿ.

ಹಾಗೆಂದು ಹಳೆಯದೆಲ್ಲ ಲಕ್ಷ ತರುವುದಿಲ್ಲ. ಹಾಲಿ ಸಿಕ್ಕಾಗಳು ಇಂದಿಗೂ ಸಾಕಷ್ಟು ಸಿಗುತ್ತವೆ. ನಿಮ್ಮ ನಾಣ್ಯಕ್ಕೆ ಭಾರೀ ಹಣ ಬಂದಿದೆ, ಮೊದಲು ಕಮಿಷನ್ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಫೋನು ಬಂದರೆ ಇಟ್ಟುಬಿಡಿ. ಇಂಥ ಮೋಸದ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಅಮೆರಿಕದ ಮಗನಿಗೆ ನೆನಪಿಗೆಂದು ಕಳಿಸುವವರೂ ಗಮನಿಸಿ: ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು, ಪರವಾನಗಿ ಇಲ್ಲದೆ ದೇಶದಾಚೆ ಒಯ್ಯುವಂತಿಲ್ಲ.

ಒಂದು ಭಾನುವಾರ ಮಕ್ಕಳೊಂದಿಗೆ ಆ ಗಂಟು ಬಿಚ್ಚಿ ಕೂಡಿರಿ. ಮಾಸಾಬ್ ಟ್ಯಾಂಕ್, ಲಕಡೀಕಾಪೂಲ್ ದಾಟಿದರೆ ಸೈಫಾಬಾದ್, ಆ ನಾಣ್ಯಗಳು ಹುಟ್ಟಿದ ಜಾಗ. ಹಳೆಯ ಟಂಕಸಾಲೆಯಲ್ಲಿ 2022ರಲ್ಲಿ ಸಂಗ್ರಹಾಲಯವೂ ಆಗಿದೆ. ಇಲ್ಲಿ ಹುಟ್ಟಿದ ರೂಪಾಯಿ ನಿಮ್ಮ ಊರಿನ ಸಂತೆ ಸುತ್ತಿ, ಅಜ್ಜಿಯ ಸೆರಗಿನ ಗಂಟಿನಲ್ಲಿ ಕೂತು, ನಿಮ್ಮ ಜೊತೆ ಮತ್ತೆ ಇದೇ ಊರಿಗೆ ಬಂದಿದೆ. ಮಾರುವುದೋ ಇಟ್ಟುಕೊಳ್ಳುವುದೋ, ಅದು ನಿಮಗೆ ಬಿಟ್ಟದ್ದು. ತಿಕ್ಕಬೇಡಿ, ಕರಗಿಸಬೇಡಿ, ಅಷ್ಟೇ ನಮ್ಮ ವಿನಂತಿ.